ಹಿತ್ತಲಲ್ಲಿ ಪುಂಡಿ ಬೆಳೆಯೋದು ಹೇಗೆ?

ರಾಯಚೂರಿನಲ್ಲಿ ಪುಂಡಿಪಲ್ಲೆ ತಿನ್ನದ ಮನೆ ಸಿಗುವುದು ಕಷ್ಟ. ಪುಂಡಿಯನ್ನು ಕುಂಡದಲ್ಲಿ ಬೆಳೆಸಿದ ಮನೆ ಸಿಗುವುದೂ ಅಷ್ಟೇ ಕಷ್ಟ. ಸಂತೆಯಲ್ಲಿ ಕಟ್ಟುಗಟ್ಟಲೆ ಸಿಗುವಾಗ ಮನೆಯಲ್ಲಿ ಯಾಕೆ ಬೆಳೀಬೇಕು ಅಂತ ಕೇಳುವವರೇ ಜಾಸ್ತಿ. ಕಾರಣ ಇಷ್ಟೇ: ಸಂತೆಯ ಕಟ್ಟು ಮನೆ ಸೇರುವಷ್ಟರಲ್ಲಿ ಅರ್ಧ ಬಾಡಿರುತ್ತದೆ. ಅದೂ ಅಲ್ಲದೆ, ನಮ್ಮ ಬಿಸಿಲನ್ನು ಇಷ್ಟು ಚೆನ್ನಾಗಿ ತಾಳಿಕೊಳ್ಳುವ ಸೊಪ್ಪು ಅಪರೂಪ. ಹೊಸದಾಗಿ ಗಿಡ ಬೆಳೆಸುವವರು ಗುಲಾಬಿ ತಂದು ಒಣಗಿಸಿ ಬೇಸರಪಡುವ ಬದಲು ಇದರಿಂದ ಶುರು ಮಾಡಬೇಕು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ದೂರದಿಂದ ನೋಡಿದರೆ ಪುಂಡಿ ಗಿಡ ಗಾಂಜಾ ಗಿಡದಂತೆಯೇ ಕಾಣುತ್ತದೆ. ಬೆರಳು ಚಾಚಿದ ಹಾಗಿರುವ ಎಲೆ, ಅಂಚಿನಲ್ಲಿ ಗರಗಸದಂಥ ಹಲ್ಲು, ನೆಟ್ಟಗೆ ಏಳುವ ದಂಟು. ಮಾಳಿಗೆ ಮೇಲೆ ಇಟ್ಟರೆ ಪಕ್ಕದ ಮನೆಯವರು ಒಮ್ಮೆಯಾದರೂ 'ಏನ್ರೀ ಅದು?' ಅಂತ ಕೇಳಿಯೇ ಕೇಳುತ್ತಾರೆ. ಹತ್ತಿರ ಹೋದರೆ ಗೊಂದಲ ಇಲ್ಲ. ಪುಂಡಿಯದು ಒಂದೇ ಎಲೆ, ಬುಡದಲ್ಲಿ ಕೂಡಿಕೊಂಡೇ ಇರುತ್ತದೆ. ಗಾಂಜಾದಲ್ಲಿ ಒಂದೊಂದು ಬೆರಳೂ ಬೇರೆ ಬೇರೆ ಎಲೆ. ಪುಂಡಿಯ ಎಲೆ ಕಚ್ಚಿದರೆ ಹುಳಿ. ಹೂವು ಬಿಟ್ಟ ಮೇಲಂತೂ ಯಾರೂ ಕೇಳುವುದಿಲ್ಲ: ತೆಳು ಹಳದಿ ದಳ, ನಡುವೆ ಕಡುಗೆಂಪು, ಥೇಟ್ ಬೆಂಡೆ ಹೂವು. ಅಂದ ಹಾಗೆ, ಇದರ ಬದಲು ಗಾಂಜಾವನ್ನೇ ಒಂದು ಗಿಡ ಬೆಳೆದರೆ ಏನಾಗುತ್ತೆ ಅಂತ ತಮಾಷೆಗೆ ಕೇಳುವವರಿದ್ದಾರೆ. ಅನುಮತಿ ಇಲ್ಲದೆ ಗಾಂಜಾ ಗಿಡ ಬೆಳೆದರೆ 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ 10 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. 'ಒಂದೇ ಗಿಡ ಇತ್ತು' ಅನ್ನೋ ಮಾತು ನಡೆಯುವುದಿಲ್ಲ.

ಬೀಜ, ಮಣ್ಣು

ಪುಂಡಿಯಲ್ಲಿ ಕೆಂಪು ದಂಟಿನದು, ಹಸಿರು ದಂಟಿನದು ಅಂತ ಎರಡು ಬಗೆ. ಕೆಂಪು ಜಾಸ್ತಿ ಹುಳಿ. ಮೊದಲ ಸಲಕ್ಕೆ ಯಾವುದಾದರೂ ಆಗುತ್ತದೆ. ಹೊಲದ ಬದುವಿನಲ್ಲಿ ಪುಂಡಿ ಹಾಕುವ ರೈತರು ಗೊತ್ತಿದ್ದರೆ ಅವರ ಹತ್ತಿರ ಒಂದು ಹಿಡಿ ಬೀಜ ಕೇಳಿ. ಈ ವರ್ಷದ್ದೇ ಬೀಜ ಇರಲಿ. ಎಣ್ಣೆ ಅಂಶ ಇರುವ ಬೀಜವಾದ್ದರಿಂದ ಹಳೆಯದಾದಷ್ಟೂ ಮೊಳಕೆ ಕಮ್ಮಿ.

ಕುಂಡಕ್ಕೆ ದುಡ್ಡು ಖರ್ಚು ಮಾಡಬೇಡಿ. 20 ಲೀಟರಿನ ಖಾಲಿ ಪೇಂಟ್ ಬಕೆಟ್ ಸಾಕು. ತಳಕ್ಕೆ ಐದಾರು ತೂತು ಹಾಕಿ. ಎರಿ ಮಣ್ಣನ್ನೇ ತುಂಬುವ ಆಸೆ ಬೇಡ. ಹೊಲದಲ್ಲಿ ಬಂಗಾರವಾದ ಆ ಮಣ್ಣು ಬಕೆಟ್‌ನಲ್ಲಿ ಶತ್ರು. ನೀರು ಹಾಕಿದರೆ ಅಂಟು, ಒಣಗಿದರೆ ಬಿರುಕು, ಬೇರು ಕೊಳೆಯಲು ಬೇರೇನೂ ಬೇಕಿಲ್ಲ. ಎರಡು ಪಾಲು ಮಸಾರಿ, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಅಷ್ಟೇ. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ.

ಯಾವಾಗ ಹಾಕಬೇಕು

ಎಲ್ಲರೂ ಎಡವುವುದು ಇಲ್ಲೇ. ಪುಂಡಿ ಹೂ ಬಿಡುವುದನ್ನು ತೀರ್ಮಾನಿಸುವುದು ಅದರ ವಯಸ್ಸಿಗಿಂತ ಹೆಚ್ಚಾಗಿ ಹಗಲಿನ ಉದ್ದ. ಜೂನ್‌ನಲ್ಲಿ ನಮ್ಮಲ್ಲಿ ಹಗಲು ಸುಮಾರು 13 ಗಂಟೆ, ಡಿಸೆಂಬರಿನಲ್ಲಿ ಸುಮಾರು 11 ಗಂಟೆ. ಹಗಲು ಹನ್ನೆರಡೂವರೆ ಗಂಟೆಗಿಂತ ಕಮ್ಮಿ ಆಗುತ್ತಾ ಬಂದಂತೆ ಗಿಡ ಎಲೆ ಬಿಟ್ಟು ಹೂವಿನ ಕಡೆ ತಿರುಗುತ್ತದೆ. ಮೃಗಶಿರಾ ಮಳೆಗೆ ಹಾಕಿದ ಗಿಡಕ್ಕೆ ಎಲೆ ಬಿಡಲು ಎರಡೂವರೆ ತಿಂಗಳಾದರೂ ಸಿಗುತ್ತದೆ. ದಸರಾ ಮುಗಿಸಿ ಹಾಕಿದರೆ ಗೇಣುದ್ದ ಬೆಳೆಯುವಷ್ಟರಲ್ಲೇ ಮೊಗ್ಗು ಕಾಣುತ್ತದೆ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಸೊಪ್ಪು ಜಾಸ್ತಿ ಆಗುವುದಿಲ್ಲ. ಬೇಸಿಗೆಯಲ್ಲೂ ಹಾಕಬಹುದು, ಆದರೆ 40 ಡಿಗ್ರಿ ದಾಟಿದ ಬಿಸಿಲಲ್ಲಿ ದಿನಕ್ಕೆ ಎರಡು ಹೊತ್ತು ನೀರು ಹೊರುವ ಕೆಲಸ ನಿಮ್ಮದು.

ಬೀಜವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಒಂದೂವರೆ ಸೆಂಟಿಮೀಟರ್ ಆಳಕ್ಕೆ ಹಾಕಿ. ಒಂದು ಬಕೆಟ್‌ಗೆ ಆರೇಳು ಬೀಜ ಸಾಕು. ನಾಲ್ಕೈದು ದಿನದಲ್ಲಿ ಮೊಳಕೆ ಬರುತ್ತದೆ. ಜೋರು ಮಳೆಗೆ ಮೇಲ್ಮಣ್ಣು ಹೆಪ್ಪುಗಟ್ಟಿದರೆ ಕಡ್ಡಿಯಿಂದ ಮೆಲ್ಲಗೆ ಸಡಿಲ ಮಾಡಿ, ಇಲ್ಲದಿದ್ದರೆ ಮೊಳಕೆ ಒಳಗೇ ಮುರಿಯುತ್ತದೆ. ಮೊದಲು ಬರುವ ಎಲೆಗಳು ದುಂಡಗಿರುತ್ತವೆ. ಬೇರೆ ಯಾವುದೋ ಬೀಜ ಕೊಟ್ಟರು ಅಂತ ಕಿತ್ತು ಎಸೆಯಬೇಡಿ. ಗಿಡ ಏರಿದಂತೆ ಬೆರಳು ಒಡೆಯುತ್ತದೆ. ಸಸಿ ಗೇಣುದ್ದ ಆದಾಗ ಗಟ್ಟಿಯಾದ ಎರಡನ್ನು ಬಿಟ್ಟು ಉಳಿದವನ್ನು ಕಿತ್ತು ಪಲ್ಲೆಗೆ ಹಾಕಿ.

ಚಿವುಟುವುದು

ಬಿಟ್ಟರೆ ಪುಂಡಿ ಒಂದೇ ದಂಟಾಗಿ ಆಳೆತ್ತರ ದಾಟಿ ಹೋಗುತ್ತದೆ. ಹಿಂದೆ ನಾರು ತೆಗೆದು ಹಗ್ಗ ಹೊಸೆಯುವವರಿಗೆ ಅದೇ ಬೇಕಿತ್ತು. ನಮಗೆ ಬೇಕಿರುವುದು ಸೊಪ್ಪು. ಗಿಡ ಒಂದಡಿ ಆದ ಕೂಡಲೇ ತುದಿ ಚಿವುಟಿ. ವಾರದೊಳಗೆ ಕೆಳಗಿನ ಎಲೆ ಸಂದುಗಳಿಂದ ನಾಲ್ಕೈದು ಚಿಗುರು ಏಳುತ್ತವೆ. ಅವು ಗೇಣುದ್ದ ಆದಾಗ ಮತ್ತೆ ಚಿವುಟಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಚಿವುಟಿ. ಮೊದಲ ಪಲ್ಲೆ ಬೀಜ ಹಾಕಿದ 35-40 ದಿನಕ್ಕೆ ಸಿಗುತ್ತದೆ, ಆಮೇಲೆ ಹತ್ತು ಹನ್ನೆರಡು ದಿನಕ್ಕೊಮ್ಮೆ.

ನೀರಿನ ಲೆಕ್ಕ ಸರಳ. ಬೆರಳನ್ನು ಮಣ್ಣಿಗೆ ಇಳಿಸಿ, ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ಹಾಕಿ, ಇಲ್ಲದಿದ್ದರೆ ಸುಮ್ನೆ ಬಿಡಿ. ಮಧ್ಯಾಹ್ನ ಎಲೆ ಜೋಲಿದರೆ ಗಾಬರಿ ಬೇಡ, ಸಂಜೆ ಎದ್ದು ನಿಲ್ಲುತ್ತದೆ.

ಹುಳ

ಹತ್ತಿ, ಬೆಂಡೆ, ದಾಸವಾಳ, ಪುಂಡಿ ಎಲ್ಲ ಒಂದೇ ಕುಟುಂಬ. ಸುತ್ತ ಹತ್ತಿ ಹೊಲ ಇರುವ ನಮ್ಮ ಊರುಗಳಲ್ಲಿ ಅದರ ಹುಳಗಳು ಇಲ್ಲಿಗೂ ಬರುತ್ತವೆ. ಎಲೆಯಲ್ಲಿ ಸಾಸಿವೆಯಷ್ಟು ತೂತು ಕಂಡರೆ ಅದು ಜಿಗಿಯುವ ಸಣ್ಣ ದುಂಬಿ. ಬಿಟ್ಟುಬಿಡಿ, ಗಿಡ ತಾಳಿಕೊಳ್ಳುತ್ತದೆ. ತುದಿ ಮುರುಟಿ, ಬಿಡಿಸಿ ನೋಡಿದಾಗ ಒಳಗೆ ಬಿಳಿ ಹಿಟ್ಟು ಕಂಡರೆ ಅದು ಹಿಟ್ಟು ತಿಗಣೆ. ಇದಕ್ಕೆ ಸಡಿಲ ಕೊಡಬಾರದು. ಆ ತುದಿಯನ್ನು ಕತ್ತರಿಸಿ ಚೀಲಕ್ಕೆ ಹಾಕಿ ಕಟ್ಟಿ ಎಸೆಯಿರಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಇರುವೆ ಸಾಲು ಹತ್ತದಂತೆ ನೋಡಿಕೊಳ್ಳಿ, ತಿಗಣೆಯನ್ನು ಕಾಯುವುದು ಅವೇ. ಹತ್ತಿಗೆ ತಂದ ಔಷಧಿ ಮನೆಯಲ್ಲಿ ಉಳಿದಿದೆ ಅಂತ ಅದನ್ನು ಮಾತ್ರ ಹೊಡೆಯಬೇಡಿ. ಇದು ಊಟಕ್ಕೆ ಹೋಗುವ ಎಲೆ.

ಪಲ್ಲೆ ಮಾಡೋದು ನಿಮ್ಮ ಮನೆಯ ರೀತಿ: ತೊಗರಿ ಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಆಗಿಬರುವುದಿಲ್ಲ. ಕಿಡ್ನಿ ಕಲ್ಲಿನ ತೊಂದರೆ ಇರುವವರು ಡಾಕ್ಟರನ್ನು ಕೇಳಿ ತಿನ್ನಲಿ, ಈ ಸೊಪ್ಪಿನಲ್ಲಿ ಆಕ್ಸಲೇಟ್ ಇದೆ.

ಸೆಪ್ಟೆಂಬರ್ ಬಂದಾಗ ಒಂದು ಗಿಡವನ್ನು ಚಿವುಟದೆ ಬೀಜಕ್ಕೆ ಬಿಡಿ. ಆ ಕುಂಡ ಬೀದಿ ದೀಪದ ಬೆಳಕಿಗೆ ಬೀಳದಿರಲಿ, ರಾತ್ರಿ ಬೆಳಕಿದ್ದರೆ ಹೂವು ತಡವಾಗುತ್ತದೆ. ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಬಟ್ಟೆ ಸುತ್ತಿದ ಕೈಯಿಂದ ಬಿಡಿಸಿ, ಅದರ ಮೇಲಿನ ಸಣ್ಣ ಮುಳ್ಳು ರೋಮ ಚುಚ್ಚಿದರೆ ತುರಿಕೆ ಬೇಗ ಹೋಗುವುದಿಲ್ಲ. ಬೀಜವನ್ನು ಎರಡು ದಿನ ನೆರಳಲ್ಲಿ ಒಣಗಿಸಿ, ಒಂದಿಷ್ಟು ಒಲೆ ಬೂದಿ ಬೆರೆಸಿ ಡಬ್ಬಿಗೆ ತುಂಬಿ. ಡಬ್ಬಿಯ ಮೇಲೆ ವರ್ಷ ಬರೆಯುವುದನ್ನು ಮರೆಯಬೇಡಿ.