ಲೆಗೊ ಊರಿನ ಬುಡ ಗಟ್ಟಿಯಿರಲಿ

ಲೆಗೊ ಆಟಿಕೆ ಇಟ್ಟಿಗೆಗಳಲ್ಲಿ ಊರು ಕಟ್ಟುವವರ ಕಣ್ಣೆಲ್ಲ ಗೋಪುರದ ತುದಿಯ ಮೇಲೆ. ಅಲುಗಾಟ ಶುರುವಾಗುವುದು ಮಾತ್ರ ಬುಡದಲ್ಲಿ. ಬುಡಕ್ಕೆ ಹಾಸುವ ಬೇಸ್‌ಪ್ಲೇಟ್ ತೆಳ್ಳಗಿನ ಹಾಳೆ, ಎತ್ತಿದರೆ ಬಾಗುತ್ತದೆ. ಅದು ಬಾಗಿದರೆ ಮೇಲಿನ ಗೋಡೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಮೊದಲು 12 ಮಿ.ಮೀ. ಪ್ಲೈವುಡ್ ತನ್ನಿ. 32×32 ಸ್ಟಡ್‌ನ (ತುಂಡುಗಳು ಕಚ್ಚಿಕೊಳ್ಳುವ ದುಂಡು ಉಬ್ಬು) ಬೇಸ್‌ಪ್ಲೇಟ್ ಬದಿಗೆ 25.6 ಸೆಂ.ಮೀ. ಇರುತ್ತದೆ, ನಾಲ್ಕನ್ನು ಚೌಕವಾಗಿ ಜೋಡಿಸಿದರೆ 51.2. ಹಲಗೆಯನ್ನು 55ಕ್ಕೆ ಕೊಯ್ಯಿಸಿ, ಎತ್ತುವಾಗ ಬೆರಳಿಗೆ ಹಿಡಿ ಸಿಗಲಿ. ಮೇಜಿನ ಮೇಲಿಟ್ಟು ಮೂಲೆಗಳನ್ನು ಒಂದೊಂದಾಗಿ ಒತ್ತಿ ನೋಡಿ. ಕುಣಿಯುವ ಮೂಲೆಯಡಿ ರಟ್ಟು ಮಡಚಿ ಕೊಟ್ಟರೆ ಸಾಕು.

ಆಗಾಗ ಜಾಗ ಬದಲಿಸುವ ಊರಾದರೆ ಎರಡು ಪದರದ ನೆಲವೇ ಸರಿ. ಬೇಸ್‌ಪ್ಲೇಟಿನ ಅಂಚಿಗೂ ನಡುವೆಯೂ ಬ್ರಿಕ್ (ಇಟ್ಟಿಗೆ) ಇಟ್ಟು, ಮೇಲೆ ನಾಲ್ಕು 16×16 ಪ್ಲೇಟ್ (ಬ್ರಿಕ್ಕಿಗಿಂತ ತೆಳ್ಳಗಿನ ಚಪ್ಪಟೆ ತುಂಡು) ಮುಚ್ಚಬೇಕು. ನಾಲ್ಕೂ ಪ್ಲೇಟು ಕೂಡುವ ಜಾಗದ ಅಡಿಗೆ ಒಂದು 2×4 ಬ್ರಿಕ್ ಇರಲೇಬೇಕು, ಇಲ್ಲದಿದ್ದರೆ ಮೇಲಿಂದ ಒತ್ತಿದಾಗ ಸಂದು ಕುಸಿಯುತ್ತದೆ. ಅಂಚಿನ ಸಾಲಿನಲ್ಲಿ ತೂತಿರುವ ಟೆಕ್ನಿಕ್ ಬ್ರಿಕ್ ಸೇರಿಸಿದರೆ ಊರಿನ ಪಕ್ಕದ ಭಾಗಕ್ಕೆ ಪಿನ್ (ತೂತಿಗೆ ತೂರಿಸುವ ಸಣ್ಣ ಕಡ್ಡಿ) ಹಾಕಿ ಜೋಡಿಸಬಹುದು. ಕಪ್ಪು ಪಿನ್ ಬಿಗಿಯಾಗಿ ಹಿಡಿಯುತ್ತದೆ, ಬೂದು ಬಣ್ಣದ್ದು ಸಲೀಸಾಗಿ ಬಿಡುತ್ತದೆ.

ಗೋಡೆಯನ್ನು ಗಾರೆಯವರ ಹಾಗೆ ಕಟ್ಟಿ, ಸಂದಿನ ಮೇಲೆ ಸಂದು ಬರಬಾರದು. 1×1 ಬ್ರಿಕ್‌ಗಳನ್ನು ಒಂದರ ಮೇಲೊಂದು ಪೇರಿಸಿದ ಕಂಬ ನೋಡಲು ಚೆಂದ, ಭಾರ ಹೊರಿಸಿದರೆ ಓಲುತ್ತದೆ. ಐದಾರು ಸಾಲಿಗೊಮ್ಮೆ ಉದ್ದನೆಯ ಪ್ಲೇಟುಗಳ ಪಟ್ಟಿ ಸುತ್ತಿ, ಮೂಲೆಯಲ್ಲಿ ಒಂದರ ಮೇಲೊಂದು ಬರುವಂತೆ ಹೆಣೆಯಿರಿ. ಪ್ಲೇಟಿನ ಎತ್ತರ 3.2 ಮಿ.ಮೀ., ಬ್ರಿಕ್ಕಿನದು 9.6. ಪಟ್ಟಿಯನ್ನು ಮೂರೇ ಗೋಡೆಗೆ ಹಾಕಿದಿರೋ, ನಾಲ್ಕನೆಯದು ಗಿಡ್ಡವಾಗಿ ಚಾವಣಿ ಕೂರುವುದೇ ಇಲ್ಲ. ಪ್ರತಿ ಸಾಲನ್ನೂ ಹೆಬ್ಬೆರಳಿನಿಂದ ಕೊನೆತನಕ ಒತ್ತಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಹತ್ತು ಸಾಲು ಏರುವಷ್ಟರಲ್ಲಿ ಗೋಪುರ ವಾಲುತ್ತದೆ. ಅನುಮಾನ ಬಂದರೆ ಕತ್ತಲಲ್ಲಿ ಒಳಗಿನಿಂದ ಟಾರ್ಚ್ ಬಿಡಿ. ಬೆಳಕಿನ ಗೆರೆ ಕಂಡ ಕಡೆ ಇನ್ನೊಮ್ಮೆ ಒತ್ತಿ.

ಬಿಚ್ಚಿ ತೆಗೆಯುವ ಮಹಡಿಯಾದರೆ ಗೋಡೆಯ ನೆತ್ತಿಗೆ ಸ್ಟಡ್ಡಿಲ್ಲದ ನುಣುಪು ಟೈಲ್ ಹಾಕಿ, ಮೂಲೆಗೊಂದು ಸ್ಟಡ್ ಮಾತ್ರ ಬಿಡಿ. ಎಲ್ಲ ಸ್ಟಡ್ಡೂ ಕಚ್ಚಿಕೊಂಡರೆ ಮಹಡಿ ಎತ್ತುವಾಗ ಕೆಳಗಿನ ಗೋಡೆಯೂ ಕಿತ್ತು ಬರುತ್ತದೆ. ದೀಪದ ಕಂಬ, ಮರಗಳ ಬುಡಕ್ಕೆ 2×2 ದುಂಡು ಪ್ಲೇಟು ಕೊಟ್ಟರೆ ಒರಸುವಾಗ ಉರುಳುವುದಿಲ್ಲ. ಅಂಟಿನ ಗೊಡವೆ ಬೇಡವೇ ಬೇಡ. ಅಂಟಿಸಿದ ಬ್ರಿಕ್ಕು ಸೊಟ್ಟಗಿದ್ದರೆ ಸೊಟ್ಟಗೇ ಉಳಿಯುತ್ತದೆ, ಒಂದು ಕಿಟಕಿ ಬದಲಿಸಬೇಕೆಂದರೂ ಗೋಡೆಯನ್ನೇ ಒಡೆಯಬೇಕು.

ಕಂದು ಮತ್ತು ಕಡುಗೆಂಪು ಬಣ್ಣದ ಹಳೆಯ ತುಂಡುಗಳು ಬೇಗ ಸೀಳುತ್ತವೆ. ಅವನ್ನು ಪಿನ್ ಕೂರುವ ಜಾಗಕ್ಕೂ ಭಾರ ಬೀಳುವ ಜಾಗಕ್ಕೂ ಹಾಕಬೇಡಿ, ಅಲಂಕಾರಕ್ಕೆ ಇರಲಿ. ಬಿಸಿಲು ಬೀಳುವ ಕಿಟಕಿ ಬಳಿ ಬಿಳಿ ಬ್ರಿಕ್ಕು ಹಳದಿಯಾಗುತ್ತದೆ, ವಾಷಿಂಗ್ ಮೆಷಿನ್ ಪಕ್ಕದ ಗೋಡೆಗೆ ತಾಗಿಸಿಟ್ಟರೆ ಅದರ ನಡುಕಕ್ಕೆ ಸಣ್ಣ ತುಂಡುಗಳು ಸಡಿಲವಾಗುತ್ತವೆ. ಧೂಳಿಗೆ ಮೆತ್ತನೆ ಪೇಂಟ್ ಬ್ರಷ್ ಸಾಕು. ತೊಳೆಯಲೇಬೇಕಾದರೆ ನೀರು 40 ಡಿಗ್ರಿ ದಾಟಬಾರದು. ಊರನ್ನು ಸಾಗಿಸುವಾಗ ಎತ್ತರದ ಗೋಪುರಗಳನ್ನು ಮೊದಲು ಕಳಚಿಟ್ಟು, ಇಬ್ಬರು ಎದುರುಬದುರು ನಿಂತು ಹಲಗೆಯನ್ನೇ ಹಿಡಿದು ಎತ್ತಿ.