ಗುಲ್ಮಕ್ಕೆ ಪೆಟ್ಟು ಬಿದ್ದರೆ: ವಾರ್ಡಿನಲ್ಲಿ ಏನು ಕೇಳಬೇಕು, ಮನೆಯಲ್ಲಿ ಏನು ನೋಡಿಕೊಳ್ಳಬೇಕು

ನಾನು ಸರ್ಜಿಕಲ್ ವಾರ್ಡಿನ ನರ್ಸ್. ಬೈಕಿನಿಂದ ಬಿದ್ದವರು, ಆಟದಲ್ಲಿ ಪಕ್ಕೆಗೆ ಗುದ್ದು ತಿಂದವರು, ಮೆಟ್ಟಿಲಿನಿಂದ ಉರುಳಿದವರು ನಮ್ಮ ವಾರ್ಡಿಗೆ ಬರುತ್ತಲೇ ಇರುತ್ತಾರೆ. ‘ಸ್ಪ್ಲೀನ್ (ಗುಲ್ಮ) ಹರಿದಿದೆ’ ಅಂತ ಡಾಕ್ಟರ್ ಹೇಳಿದ ಕೂಡಲೇ ಮನೆಯವರು ಕೇಳೋದು ಒಂದೇ: ‘ಆಪರೇಷನ್ ಯಾವಾಗ?’ ಸದ್ಯಕ್ಕೆ ಬೇಡ ಅಂದರೆ, ಯಾರೂ ಗಮನ ಕೊಡುತ್ತಿಲ್ಲ ಅಂತ ಸಂಕಟಪಡುತ್ತಾರೆ. ಆದರೆ ಬಿ.ಪಿ. ಕುಸಿಯದೆ ಸ್ಥಿರವಾಗಿರುವ ರೋಗಿಗಳಲ್ಲಿ ಹೆಚ್ಚಿನವರು ಆಪರೇಷನ್ ಇಲ್ಲದೆಯೇ ಗುಣವಾಗುತ್ತಾರೆ. ಮಕ್ಕಳಲ್ಲಂತೂ ಇದು ಇನ್ನೂ ಜಾಸ್ತಿ.

ಗುಲ್ಮ ಇರೋದು ಎದೆಗೂಡಿನ ಎಡಗಡೆ, 9ರಿಂದ 11ನೇ ಪಕ್ಕೆಲುಬಿನ ಮರೆಯಲ್ಲಿ. ದೊಡ್ಡವರಲ್ಲಿ ಸುಮಾರು 150 ಗ್ರಾಂ ತೂಗುತ್ತದೆ. ಮೆತ್ತಗಿರುತ್ತದೆ, ರಕ್ತ ತುಂಬಿಕೊಂಡಿರುತ್ತದೆ. ಹರಿದರೆ ರಕ್ತ ಹೊಟ್ಟೆಯೊಳಗೇ ಸೋರುತ್ತದೆ, ಹೊರಗೆ ಒಂದು ಗೀರೂ ಕಾಣದೆ ಇರಬಹುದು. ಎಡ ಹೊಟ್ಟೆಯ ಮೇಲ್ಭಾಗ ನೋಯುತ್ತದೆ. ಕೆಲವರಿಗೆ ಎಡ ಭುಜದ ತುದಿಯೂ ನೋಯುತ್ತದೆ, ಅಲ್ಲಿಗೆ ಪೆಟ್ಟೇ ಬಿದ್ದಿರುವುದಿಲ್ಲ. ಸೋರಿದ ರಕ್ತ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಂಥ ಸ್ನಾಯು) ಕೆರಳಿಸಿದಾಗ ನೋವು ಭುಜದಲ್ಲಿ ಕಾಣುತ್ತದೆ. ಹೀಗಾದರೆ ತಪ್ಪದೆ ಡಾಕ್ಟರಿಗೆ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾ ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ.

ಚಿಕಿತ್ಸೆಯ ದಾರಿ ಮುಖ್ಯವಾಗಿ ಬಿ.ಪಿ. ಮತ್ತು ಪಲ್ಸ್ ಮೇಲೆ ನಿಂತಿದೆ. ದ್ರವ, ರಕ್ತ ಕೊಟ್ಟರೂ ಬಿ.ಪಿ. ಸ್ಥಿರವಾಗುತ್ತಿಲ್ಲ, ಅಲ್ಟ್ರಾಸೌಂಡಿನಲ್ಲಿ ಹೊಟ್ಟೆಯೊಳಗೆ ರಕ್ತ ಕಾಣುತ್ತಿದೆ ಅಂದರೆ ನೇರವಾಗಿ ಆಪರೇಷನ್ ಥಿಯೇಟರ್. ಬಿ.ಪಿ. ಸ್ಥಿರವಾಗಿದ್ದರೆ ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಿಸುವ ಔಷಧ) ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಅದರಲ್ಲಿ ಗಾಯಕ್ಕೆ 1ರಿಂದ 5ರವರೆಗೆ ಗ್ರೇಡ್ ಕೊಡುತ್ತಾರೆ. 1 ಸೆಂ.ಮೀ.ಗಿಂತ ಕಡಿಮೆ ಆಳದ ಸೀಳು ಗ್ರೇಡ್ 1, ಪೂರ್ತಿ ಚೂರಾಗಿದ್ದರೆ ಗ್ರೇಡ್ 5. ಮನೆಯವರು ಈ ನಂಬರ್ ಹಿಡಿದುಕೊಂಡೇ ಹೆದರುತ್ತಾರೆ. ನೀವು ಇನ್ನೂ ಎರಡು ಪ್ರಶ್ನೆ ಕೇಳಿ: ಸ್ಕ್ಯಾನಿನಲ್ಲಿ ರಕ್ತ ಈಗಲೂ ಸೋರುತ್ತಿರುವುದು ಕಂಡಿದೆಯಾ? ಬೇರೆ ಎಲ್ಲಾದರೂ ಪೆಟ್ಟಾಗಿದೆಯಾ?

ಆಪರೇಷನ್ ಬೇಡ ಅಂದಾಗ ಸುಮ್ನೆ ಮಲಗಿಸಿರುತ್ತೇವೆ ಅಂದುಕೊಳ್ಳಬೇಡಿ. ಪದೇ ಪದೇ ಪಲ್ಸ್, ಬಿ.ಪಿ. ನೋಡುತ್ತೇವೆ. ಹಿಮೋಗ್ಲೋಬಿನ್ ಇಳಿಯುತ್ತಿದೆಯಾ ಅಂತ ರಕ್ತ ಪರೀಕ್ಷೆ ಮಾಡುತ್ತೇವೆ. ಹೊಟ್ಟೆ ಬಿಗಿಯುತ್ತಿದೆಯಾ ಅಂತ ಕೈಯಿಟ್ಟು ನೋಡುತ್ತೇವೆ. ಒಮ್ಮೆ ಒಬ್ಬ ಹುಡುಗನ ಪಲ್ಸ್ ಒಂದು ರಾತ್ರಿಯಲ್ಲಿ ಮೆಲ್ಲಗೆ ಏರುತ್ತಾ ಹೋಯಿತು. ಬಿ.ಪಿ. ಮಾತ್ರ ಸರಿಯಾಗೇ ಇತ್ತು. ಅಂಗೈ ತಣ್ಣಗಾಗಿತ್ತು, ನೀರು ನೀರು ಅನ್ನುತ್ತಿದ್ದ, ಮಲಗಿದಲ್ಲೇ ಚಡಪಡಿಸುತ್ತಿದ್ದ. ಗಟ್ಟಿಮುಟ್ಟಾದ ಹರೆಯದ ದೇಹ ಬಿ.ಪಿ.ಯನ್ನು ತುಂಬಾ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಒಮ್ಮೆಲೇ ಕೈಬಿಡುತ್ತದೆ. ತಕ್ಷಣ ಡಾಕ್ಟರನ್ನು ಕರೆದೆವು. ತೊಡೆಸಂದಿಯ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ, ಸೋರುತ್ತಿದ್ದ ನಾಳವನ್ನು ಕಾಯಿಲ್ (ಸಣ್ಣ ತಂತಿ ಸುರುಳಿ) ಇಟ್ಟು ಮುಚ್ಚಿದರು. ಹೊಟ್ಟೆ ಕೊಯ್ಯಲಿಲ್ಲ, ಗುಲ್ಮ ಉಳಿಯಿತು. ಇದಕ್ಕೆ ಎಂಬೊಲೈಸೇಷನ್ ಅಂತಾರೆ. ಇದರ ಸೌಲಭ್ಯ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ, ಹಾಗಾಗಿ ಮೊದಲೇ ಕೇಳಿಟ್ಟುಕೊಳ್ಳಿ. ಪಕ್ಕದಲ್ಲಿ ಕೂತ ನಿಮಗೆ ಇಂಥ ಬದಲಾವಣೆ ಕಂಡರೆ ರೌಂಡ್ಸ್ ತನಕ ಕಾಯಬೇಡಿ, ನಮ್ಮನ್ನು ಕರೆಯಿರಿ.

ಮತ್ತೆ ರಕ್ತ ಸೋರುವ ಭಯ ಮೊದಲ ಕೆಲವು ದಿನ ಜಾಸ್ತಿ. ಅಪರೂಪಕ್ಕೆ ವಾರಗಳಾದ ಮೇಲೂ ಆಗಬಹುದು. ಮನೆಗೆ ಹೋದ ಮೇಲೆ ನಡೆದಾಡಬಹುದು, ಆದರೆ ಭಾರ ಎತ್ತುವುದು, ಓಟ, ಬೈಕ್ ಬೇಡ. ಮೈಗೆ ಮೈ ತಾಗುವ ಆಟಗಳಿಗೆ ಗಾಯ ನೋಡಿಕೊಂಡು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ತಿಂಗಳು ಬಿಡುವು ಹೇಳುತ್ತಾರೆ. ನೋವು ಹೋಯಿತು ಅಂದ ಮಾತ್ರಕ್ಕೆ ಗಾಯ ಮಾಗಿದೆ ಅಂತಲ್ಲ. ಡಾಕ್ಟರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ತಲೆ ಸುತ್ತಿದರೆ, ಹೊಟ್ಟೆ ಉಬ್ಬಿ ನೋವು ಹೆಚ್ಚಾದರೆ, ಭುಜ ಮತ್ತೆ ನೋಯಲು ಶುರುವಾದರೆ ಎಮರ್ಜೆನ್ಸಿಗೆ ಬನ್ನಿ.

ಕೆಲವೊಮ್ಮೆ ಗುಲ್ಮವನ್ನು ತೆಗೆಯಲೇಬೇಕಾಗುತ್ತದೆ. ಹಿಂದೆ ಹರಿದಿದ್ದರೆ ತೆಗೆದುಬಿಡುವುದೇ ರೂಢಿಯಾಗಿತ್ತು. 1952ರಲ್ಲಿ ಕಿಂಗ್ ಮತ್ತು ಶುಮ್ಯಾಕರ್ ಎಂಬ ವೈದ್ಯರು ಗುಲ್ಮ ತೆಗೆದ ಹಸುಗೂಸುಗಳಿಗೆ ಭೀಕರ ಸೋಂಕು ತಗುಲಿದ್ದನ್ನು ವರದಿ ಮಾಡಿದರು. ಗುಲ್ಮವನ್ನು ಉಳಿಸುವ ಪ್ರಯತ್ನಕ್ಕೆ ಬಲ ಬಂದದ್ದು ಆಮೇಲೆ. ಗುಲ್ಮವಿಲ್ಲದೆಯೂ ಓದು, ಕೆಲಸ, ಮದುವೆ, ಮಕ್ಕಳು ಎಲ್ಲವೂ ಸಾಧ್ಯ. ಕೆಲವು ಬ್ಯಾಕ್ಟೀರಿಯಾಗಳ ಎದುರು ಮಾತ್ರ ಕಾವಲು ಕಡಿಮೆಯಾಗುತ್ತದೆ, ಮುಖ್ಯವಾಗಿ ನ್ಯುಮೋನಿಯಾ ತರುವ ನ್ಯುಮೊಕಾಕಸ್. ಆಪರೇಷನ್ ಆದ ಹೊಸದರಲ್ಲಿ ಪ್ಲೇಟ್‌ಲೆಟ್ ಏರಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಕಾಲು ಊದಿಕೊಂಡರೆ, ಹೊಟ್ಟೆನೋವು ಬಿಡದಿದ್ದರೆ ತೋರಿಸಿ.

ಲಸಿಕೆ ಕೇಳಿ ಪಡೆಯಿರಿ: ನ್ಯುಮೊಕಾಕಸ್, ಮೆನಿಂಗೊಕಾಕಸ್ (ಮಿದುಳು ಪೊರೆಯ ಸೋಂಕು ತರುವ ಬ್ಯಾಕ್ಟೀರಿಯಾ), ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ ಎಂಬ ಬ್ಯಾಕ್ಟೀರಿಯಾ). ತುರ್ತು ಆಪರೇಷನ್ ಆಗಿದ್ದರೆ ಸಾಮಾನ್ಯವಾಗಿ 14 ದಿನದ ನಂತರ ಕೊಡುತ್ತಾರೆ. ಮತ್ತೆ ಬರೋದು ಕಷ್ಟ ಅನ್ನುವವರು ಡಿಸ್ಚಾರ್ಜ್‌ಗೆ ಮುಂಚೆಯೇ ಹಾಕಿಸಿಕೊಳ್ಳಿ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ. ಮುಂದಿನ ಡೋಸ್ ಯಾವಾಗ ಅಂತ ಬರೆಸಿಕೊಳ್ಳಿ.

ಇನ್ನು ಜ್ವರದ ವಿಷಯ. ಇದನ್ನು ನಾನು ಡಿಸ್ಚಾರ್ಜ್ ದಿನ ರೋಗಿಗೂ ಹೇಳುತ್ತೇನೆ, ಮನೆಯವರಿಗೂ ಹೇಳುತ್ತೇನೆ. ಗುಲ್ಮ ಇಲ್ಲದವರಿಗೆ ಚಳಿಜ್ವರ ಬಂದರೆ, ಪ್ಯಾರಾಸಿಟಮಾಲ್ ನುಂಗಿ ಬೆಳಗ್ಗೆ ನೋಡೋಣ ಅನ್ನುವ ಹಾಗಿಲ್ಲ. ಗಂಭೀರ ಸೋಂಕು ತಗುಲುವವರು ಕಡಿಮೆ, ನಿಜ. ಆದರೆ ತಗುಲಿದರೆ ಒಂದೆರಡು ದಿನದಲ್ಲೇ ಜೀವ ತೆಗೆಯಬಹುದು. ಮೊದಲ ಎರಡು ಮೂರು ವರ್ಷ ಅಪಾಯ ಜಾಸ್ತಿ, ಆಮೇಲೂ ಪೂರ್ತಿ ಹೋಗುವುದಿಲ್ಲ. ಡಾಕ್ಟರ್ ಮನೆಯಲ್ಲಿಟ್ಟುಕೊಳ್ಳಲು ಆಂಟಿಬಯಾಟಿಕ್ ಕೊಟ್ಟಿದ್ದರೆ ಮೊದಲ ಡೋಸ್ ತಗೊಂಡು ಆಸ್ಪತ್ರೆಗೆ ಹೊರಡಿ. ಕೌಂಟರಿನಲ್ಲಿ ಮೊದಲ ಮಾತೇ ‘ನನಗೆ ಸ್ಪ್ಲೀನ್ ಇಲ್ಲ’ ಅಂತಿರಲಿ. ಅದನ್ನೇ ಬರೆದ ಕಾರ್ಡ್ ಪರ್ಸಿನಲ್ಲಿ ಇಟ್ಟುಕೊಳ್ಳಿ, ಪ್ರಜ್ಞೆ ತಪ್ಪಿದ್ದರೂ ಕಾರ್ಡ್ ಹೇಳುತ್ತದೆ. ನಾಯಿ ಕಚ್ಚಿದರೆ ರೇಬಿಸ್ ಲಸಿಕೆಯ ಜೊತೆಗೆ ಆಂಟಿಬಯಾಟಿಕ್ ಬಗ್ಗೆಯೂ ಅವತ್ತೇ ಕೇಳಿ. ಮಲೇರಿಯಾ ಇರುವ ಕಡೆಗೆ ಹೋಗುವ ಮುಂಚೆ ಡಾಕ್ಟರನ್ನು ಕಂಡು ತಡೆಯುವ ಮಾತ್ರೆ ಶುರುಮಾಡಿ.