ಟಿವಿ ಆಫ್ ಆದಾಗ ಬರೋ ಚುಕ್ಕಿ ಉಳಿಸೋಕೆ ಪಟ್ಟ ಪಾಡು

ಸರಿಮಾಡಿ ಮತ್ತೆ ಪ್ರದರ್ಶನಕ್ಕೆ ಇಡೋಕೆ ಅಂತ ನನ್ ಕೈಗೆ ಬಂದಿದ್ದು ನಾಲ್ಕು ಹಳೇ ಬ್ಲ್ಯಾಕ್ ಆಂಡ್ ವೈಟ್ ಟಿವಿ, ಒಂದು ಯು-ಮ್ಯಾಟಿಕ್ ಟೇಪು (ಹಳೇ ಕಾಲದ ವಿಡಿಯೋ ಕ್ಯಾಸೆಟ್), ತುಕ್ಕು ಹಿಡಿದ ಒಂದು ಟೈಮರ್ ಡಬ್ಬಿ. 1980ರ ದಶಕದ ಕಲಾಕೃತಿ, ಟಿವಿಗಳು ಆಗ್ಲೇ ಸೆಕೆಂಡ್ ಹ್ಯಾಂಡು. ನಾಲ್ಕರಲ್ಲೂ ಒಂದೇ ಮುಖ, 11 ನಿಮಿಷ ಸುಮ್ನೆ ನಮ್ಮನ್ನೇ ನೋಡತ್ತೆ, ಆಮೇಲೆ ಕಣ್ಣು ಮುಚ್ಚತ್ತೆ, ಮುಚ್ಚಿದ ಕ್ಷಣಕ್ಕೇ ಟೈಮರ್ ಕರೆಂಟ್ ಕಟ್ ಮಾಡತ್ತೆ. ಅಷ್ಟೇ.

ನಾನು ಜಾಣ ಅಂದ್ಕೊಂಡು ಟೇಪನ್ನ ಫೈಲ್ ಮಾಡ್ಸಿ ನಾಲ್ಕು ಎಲ್‌ಸಿಡಿ ಮೇಲೆ ಹಾಕಿ ಕಲಾವಿದೆಗೆ ತೋರಿಸ್ದೆ. ಅವ್ರು ಕೊನೇವರೆಗೂ ನೋಡಿ ಕೇಳಿದ್ದು ಒಂದೇ ಪ್ರಶ್ನೆ, "ಚುಕ್ಕಿ ಎಲ್ಲಿ?"

ಹಳೇ ಟಿವಿ ನೋಡಿದವ್ರಿಗೆ ಗೊತ್ತಿರತ್ತೆ, ಆಫ್ ಮಾಡಿದ ಕೂಡ್ಲೇ ಚಿತ್ರ ಎಲ್ಲಾ ಕಡೆಯಿಂದ ಮುದುಡಿಕೊಂಡು ನಡುವೆ ಒಂದು ಬಿಳಿ ಚುಕ್ಕಿ ಆಗಿ ಸ್ವಲ್ಪ ಹೊತ್ತು ನಿಂತು ಆರತ್ತೆ. ಎಲೆಕ್ಟ್ರಾನ್ ಕಿರಣವನ್ನ ಅತ್ತಿತ್ತ ಓಡಾಡ್ಸೋ ಕಾಯಿಲ್‌ಗೆ ಕರೆಂಟ್ ನಿಂತೋಗಿರತ್ತೆ, ಆದ್ರೆ ಕ್ಯಾಥೋಡ್ (ಆ ಕಿರಣ ಹೊರಡೋ ತುದಿ) ಇನ್ನೂ ಬಿಸಿ, ಟ್ಯೂಬಲ್ಲಿ ಹೈ ವೋಲ್ಟೇಜ್ ಇನ್ನೂ ಉಳಿದಿರತ್ತೆ, ಹಾಗಾಗಿ ಇರೋ ಎಲೆಕ್ಟ್ರಾನೆಲ್ಲಾ ಒಂದೇ ಜಾಗಕ್ಕೆ ಬಡಿಯತ್ತೆ. ಅವ್ರ ಕೃತಿ ಅಂದ್ರೆ ಆ ಚುಕ್ಕಿ. ಮುಖ ಬರೀ ಪೀಠಿಕೆ! ವೇರಿಯಬಲ್ ಮೀಡಿಯಾ ಅಂತ ಗುಗ್ಗನ್‌ಹೈಮ್ ಮ್ಯೂಸಿಯಂನೋರು ಒಂದು ಪದ್ಧತಿ ಮಾಡಿದ್ರಲ್ಲ, ಹಾಗೇ ಇಡೋದಾ, ಹೊಸ ಫಾರ್ಮ್ಯಾಟ್‌ಗೆ ತರೋದಾ, ಬೇರೆ ಉಪಕರಣದಲ್ಲಿ ಹಳೇದರ ಹಾಗೇ ಕಾಣಿಸೋದಾ (ಎಮ್ಯುಲೇಟ್), ಹೊಸದಾಗೇ ಕಟ್ಟೋದಾ ಅಂತ ಕಲಾವಿದರನ್ನೇ ಕೇಳೋದು, ಅದನ್ನ ನಾನು ಮೊದಲ ದಿನವೇ ಮಾಡ್ಬೇಕಿತ್ತು.

ಟೇಪಿನ ಕಥೆ ಬೇಗ ಹೇಳ್ಬಿಡ್ತೀನಿ. ಪ್ಲೇ ಮಾಡಿದ್ರೆ ಕಿರ್ರ್ ಅಂತ ಕೂಗ್ತಿತ್ತು, ಹೆಡ್ ಮೇಲೆ ಕಂದು ಅಂಟು. ತೇವ ಕುಡಿದು ಬೈಂಡರ್ (ಕಾಂತೀಯ ಪುಡಿಯನ್ನ ಟೇಪಿಗೆ ಹಿಡಿದಿರೋ ಅಂಟು) ಕರಗಿರತ್ತೆ. ಸುಮಾರು 50 ಡಿಗ್ರಿಯಲ್ಲಿ ಲ್ಯಾಬ್ ಓವನ್ನಲ್ಲಿಟ್ಟು ಒಣಗಿಸಿದ್ಮೇಲೆ ಓಡ್ತು, ಆದ್ರೆ ಇದು ಕೆಲವು ವಾರದ ಮಾತು, ಅಷ್ಟರಲ್ಲಿ ಕ್ಯಾಪ್ಚರ್ ಮುಗೀಬೇಕು. ಮೊದಲ ಫೈಲಲ್ಲಿ ಫೀಲ್ಡ್ ಆರ್ಡರ್ (ಚಿತ್ರದ ಬೆಸ ಗೆರೆ, ಸರಿ ಗೆರೆಗಳು ಬರೋ ಸರದಿ) ಉಲ್ಟಾ ಆಗಿ, ಮುಖ ಸ್ವಲ್ಪ ಅಲ್ಲಾಡಿದ್ರೂ ಚಳಿಜ್ವರ ಬಂದೋರ ಹಾಗೆ ನಡುಗ್ತಿತ್ತು. ಕಂಪ್ಯೂಟರಲ್ಲಿ ನೋಡಿದಾಗ ಏನೂ ಗೊತ್ತಾಗ್ಲಿಲ್ಲ, ಸಿಆರ್‌ಟಿಗೆ, ಅಂದ್ರೆ ಹಳೇ ಟ್ಯೂಬ್ ಟಿವಿಗೆ, ಹಾಕಿದ್ಮೇಲೇ ಕಂಡಿದ್ದು.

ಟಿವಿಗಳಿಗೆ ಇದ್ದಿದ್ದು ಆಂಟೆನಾ ಪಿನ್ ಮಾತ್ರ, ಹಾಗಾಗಿ ಮೀಡಿಯಾ ಪ್ಲೇಯರ್‌ನ ಕಾಂಪೋಸಿಟ್ ಔಟು, ಅದಕ್ಕೆ ಆರ್‌ಎಫ್ ಮಾಡ್ಯುಲೇಟರು (ವಿಡಿಯೋವನ್ನ ಆಂಟೆನಾ ಸಿಗ್ನಲ್ ಥರ ಮಾಡೋ ಡಬ್ಬಿ), ಅಲ್ಲಿಂದ ಸ್ಪ್ಲಿಟರು. ಚಿತ್ರ ಸ್ವಲ್ಪ ಮೆತ್ತಗಾಯ್ತು, ಮೊದ್ಲೂ ಹಾಗೇ ಇತ್ತಂತೆ. ಟ್ಯೂಬ್ ಬಿಸಿ ಆಗೋಕೆ ಅರ್ಧ ನಿಮಿಷ ಬೇಕು, ಅದಕ್ಕೆ ಫೈಲಿನ ಮುಂದೆ ಅಷ್ಟು ಹೊತ್ತಿನ ಕಪ್ಪು ಪರದೆ ಸೇರಿಸ್ದೆ.

ಒಳಗಿನ ಕೆಲಸ ಮಾಡಿದ್ದು ನಾನಲ್ಲ, ಜೀವಮಾನವಿಡೀ ಟಿವಿ ರಿಪೇರಿ ಮಾಡಿದ ಹಿರಿಯರೊಬ್ರು. ಪ್ಲಗ್ ತೆಗೆದ್ರೂ ಪಿಕ್ಚರ್ ಟ್ಯೂಬ್ ಚಾರ್ಜ್ ಹಿಡಿದಿರತ್ತೆ, ಯೂಟ್ಯೂಬ್ ನೋಡ್ಕೊಂಡು ಕೈ ಹಾಕೋ ಜಾಗ ಅಲ್ಲ ಅದು. ಒಣಗಿದ ಕೆಪಾಸಿಟರ್ ಎಲ್ಲಾ ಬದಲಾಯಿಸಿದ್ರು. ನಾಲ್ಕನೇದು ಏಳಲೇ ಇಲ್ಲ, ಅಷ್ಟೇ ಸೈಜಿನ ಇನ್ನೊಂದು ಸೆಟ್ ಹುಡುಕಿ ತಂದ್ವಿ, ಚಿತ್ರ ಚೆನ್ನಾಗಿ ಬಂತು, ಆಫ್ ಮಾಡಿದ್ರೆ ಚುಕ್ಕೀನೇ ಇಲ್ಲ! ಅದು ಆಮೇಲಿನ ಮಾಡೆಲ್, ಒಳಗೆ ಸ್ಪಾಟ್ ಕಿಲ್ಲರ್ ಸರ್ಕ್ಯೂಟ್ ಇತ್ತು. ಆ ಚುಕ್ಕಿ ಪರದೆಯ ಫಾಸ್ಫರ್ (ಒಳಗಿನ ಬೆಳಗೋ ಲೇಪ) ಸುಡತ್ತೆ ಅಂತ ಕಂಪನಿಯೋರೇ ಅದನ್ನ ಕೊಲ್ಲೋಕೆ ಹಾಕಿದ್ದು. ಹಿರಿಯರು ಅದನ್ನ ಬೈಪಾಸ್ ಮಾಡಿದ್ರು, ಚುಕ್ಕಿ ಬಂತು, ಆದ್ರೆ ಪಕ್ಕಕ್ಕೆ ಜಾರಿ ಆರತ್ತೆ. ಕಲಾವಿದೆ ನಕ್ಕು "ಇರ್ಲಿ ಬಿಡಿ" ಅಂದ್ರು.

ನನಗೆ ತಲೆಕೆಟ್ಟಿದ್ದು ಇಲ್ಲೇ, ಚುಕ್ಕಿ ಬಂದಷ್ಟು ಸಲ ಪರದೆ ಸುಡತ್ತೆ. ವಿಡಿಯೋ ಕಲಾವಿದ ನಾಮ್ ಜೂನ್ ಪೈಕ್ ಅವ್ರ 1,003 ಮಾನಿಟರಿನ ಗೋಪುರವನ್ನ ಕೊರಿಯಾದಲ್ಲಿ 2018ರಲ್ಲಿ ಆಫ್ ಮಾಡಿ, ರಿಪೇರಿ ಮಾಡಿ, ಕೆಲವಕ್ಕೆ ಎಲ್‌ಸಿಡಿ ಹಾಕಿ 2022ರಲ್ಲಿ ಮತ್ತೆ ಹಚ್ಚಿದ್ರು, ಅದನ್ನೂ ದಿನಕ್ಕೆ ಕೆಲವೇ ಗಂಟೆ. ಅಲ್ಲಿ ಎಲ್‌ಸಿಡಿ ಅನ್ನೋ ದಾರಿ ಆದ್ರೂ ಇದೆ, ಇಲ್ಲಿ ಕೃತಿ ತೋರಿಸಿದಷ್ಟು ಸಲ ಕೃತಿಯೇ ಟಿವಿಯನ್ನ ತಿನ್ನತ್ತೆ. ಕೊನೆಗೆ ದಿನಕ್ಕೆ ಮೂರೇ ಸಲ ಅಂತ ತೀರ್ಮಾನ ಮಾಡಿ ಬಾಗಿಲಲ್ಲಿ ಟೈಮಿಂಗ್ ಹಾಕಿದ್ವಿ, ನಾಟಕದ ಥರ. ಮಧ್ಯದಲ್ಲಿ ಬಂದವ್ರು "ಕೆಟ್ಟೋಗಿದೆ" ಅಂತ ಕಂಪ್ಲೇಂಟ್ ಬುಕ್ಕಲ್ಲಿ ಬರೆದು ಹೋಗ್ತಿದ್ರು, ನಿಜ ಹೇಳ್ಬೇಕಂದ್ರೆ ನನಗೂ ಬೇಜಾರಾಗ್ತಿತ್ತು.

ಚುಕ್ಕಿ ಪೂರ್ತಿ ಹೋದ್ಮೇಲೆ ಏನು ಅಂತ ಕಲಾವಿದೆಯನ್ನ ಕೇಳಿ ರೆಕಾರ್ಡ್ ಮಾಡ್ಕೊಂಡಿದೀನಿ. "ಟಿವಿ ಹಾಗೇ ಇಡಿ, ಹಚ್ಚಬೇಡಿ, ಚುಕ್ಕಿಯ ವಿಡಿಯೋ ಮಾತ್ರ ತೋರಿಸಬೇಡಿ" ಅಂದಿದಾರೆ. ಪ್ರತಿ ಆಫ್‌ಗೂ ಲಾಗ್ ಬುಕ್ಕಲ್ಲಿ ಒಂದು ಗೀಟು. ಮೂರನೇ ಟಿವಿಯ ನಡುವೆ ಸಾಸಿವೆ ಕಾಳಷ್ಟು ಕಂದು ಕಲೆ ಈಗ್ಲೇ ಇದೆ, ಟಾರ್ಚ್ ಓರೆಯಾಗಿ ಬಿಟ್ರೆ ಕಾಣತ್ತೆ.